ಅಟ್ಟದ ಮೇಲಿನ ರೇಡಿಯೋಗ್ರಾಂ

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ನೆರೆಯ ಬೆಳಗಾವಿಯ ಉಳ್ಳವರ ಪಡಸಾಲೆಗಳಲ್ಲಿ ಅದನ್ನು ಹಿಡಿದದ್ದು ವಾಲ್ವ್ ರೇಡಿಯೋ. ಗ್ರಾಮಫೋನೂ ಅದೇ ಪೆಟ್ಟಿಗೆಯಲ್ಲಿದ್ದರೆ ರೇಡಿಯೋಗ್ರಾಂ. ಅದನ್ನು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸನ್ನೂ ಪಡೆಯಬೇಕಿತ್ತು.

ಇಂದು ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಗಾಜಿನ ವಾಲ್ವ್‌ಗಳು ದಶಕಗಳ ಬಳಿಕವೂ ಬೆಳಗುವುದುಂಟು. ಘಟ್ಟದ ಸೆರಗಿನ ಖಾನಾಪುರದ ಮಳೆಗಾಲದ ತೇವಕ್ಕೆ ಸೋಲುವುದು ಮೇಣ ಸವರಿದ ಕಾಗದದ ಕೆಪಾಸಿಟರ್. ಅದನ್ನು ಬದಲಿಸಿ, ಬಲ್ಬೊಂದನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ ಕೊಡಬೇಕು. ಬಲ್ಬು ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್. ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗೆ ಎಲ್.ಪಿ.ಯ ಸಣ್ಣ ಮುಳ್ಳು ಹೊಂದದು.

ಮರದ ಪೆಟ್ಟಿಗೆ ಉಳಿಸಿಕೊಂಡು ಒಳಗಿನದನ್ನೆಲ್ಲ ಗುಜರಿಗೆ ಹಾಕುವವರಿದ್ದಾರೆ. ಚೆಲುವಾದ ಕಪಾಟು ಸಿಗುತ್ತದೆ, ನಿಜ. ಸ್ವಿಚ್ ಹಾಕಿ, ವಾಲ್ವ್ ಬಿಸಿಯಾಗುವವರೆಗೆ ಕಾದು, ಆಮೇಲೆ ಮೆಲ್ಲಗೆ ಏರುವ ದನಿ ಸಿಗದು.