ಕೋವಿಯ ಹಕ್ಕು: ಘಟ್ಟದ ಮೇಲೂ ಕೆಳಗೂ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅಡಕೆಯ ತೋಟಗಳಲ್ಲಿ ಕೋವಿ ಇರುವುದು ಬೇಟೆಯ ವಿನೋದಕ್ಕಲ್ಲ. ಕಾಡುಹಂದಿ, ಮಂಗ, ಆನೆಗಳಿಂದ ಬೆಳೆಯನ್ನು ಕಾಯುವುದಕ್ಕೆ. ಆ ಕೋವಿಗೆ ಪರವಾನಗಿ ಬೇಕು. ಘಟ್ಟದ ಮೇಲಿನ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಬೇಕಿಲ್ಲ. ಈ ಭೇದದ ಮೂಲ ಇತಿಹಾಸದಲ್ಲಿದೆ.

ಅಮರಸುಳ್ಯ, ಪುತ್ತೂರು ಸೀಮೆಗಳು ಹಿಂದೆ ಹಾಲೇರಿಯ ಲಿಂಗಾಯತ ಅರಸರ ಆಳ್ವಿಕೆಗೆ ಸೇರಿದ್ದವು. 1834ರಲ್ಲಿ ಕಂಪನಿ ಸರ್ಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ, ಇವನ್ನು ಕೆನರಾ ಜಿಲ್ಲೆಗೆ ಸೇರಿಸಿ, ಕಂದಾಯವನ್ನು ನಗದಾಗಿ ಕೇಳಿತು. 1837ರಲ್ಲಿ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳ್ತನದಲ್ಲಿ ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದ ಮೇಲೆ ತಮ್ಮ ಧ್ವಜವನ್ನೇರಿಸಿದರು. ದಂಗೆ ಅಡಗಿತು. 1860ರ ನಿರಾಯುಧೀಕರಣ ಶಾಸನದಿಂದ ಕೊಡವರಿಗೆ 1861ರಲ್ಲಿ ವಿನಾಯಿತಿ ದೊರೆತುದು ಅವರು ಸರ್ಕಾರಕ್ಕಿತ್ತ ನೆರವಿನ ಸ್ಮರಣೆಯಿಂದ. ದಂಗೆಯ ಸೀಮೆಗೆ ಆ ಅನುಗ್ರಹ ದೊರೆಯಲಿಲ್ಲ.

ಅನುಗ್ರಹವಾದರೂ ಶಾಶ್ವತವೇ? ಕೊಡಗಿನ ವಿನಾಯಿತಿಯನ್ನು 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಆದರೂ 2019ರ ಕೇಂದ್ರದ ಅಧಿಸೂಚನೆಯಲ್ಲಿ ಅದಕ್ಕೆ 2029ರ ಅಕ್ಟೋಬರ್ 31ರ ಗಡುವಿದೆ. ಘಟ್ಟದ ಕೆಳಗಿನ ಕೃಷಿಕನಿಗೆ, ಚುನಾವಣೆಯ ಕಾಲದಲ್ಲಿ ಕೋವಿಯನ್ನು ಠಾಣೆಗೊಪ್ಪಿಸಬೇಕಾಗಿ ಬಂದಾಗ ತೋಟ ಕಾಯುವವರಾರೆಂಬ ಚಿಂತೆ.

ಆಳುವವರ ಮೆಚ್ಚಿಕೆಯಿಂದ ಬಂದ ಹಕ್ಕು ಅವರ ಮುನಿಸಿನಿಂದ ಹೋಗಬಹುದು. ಕಾಯಕದ ಫಲವನ್ನು ಕಾಯುವ ಅಗತ್ಯದ ಮೇಲೆ ನಿಂತ ಹಕ್ಕು ಬಾಳೀತು. ಶರಣರ ದಯಾಮಾರ್ಗದಲ್ಲಿ ನಡೆಯುವವರು ಅದನ್ನು ಕೊಲ್ಲುವ ಹಕ್ಕೆಂದಲ್ಲ, ಕಾಯುವ ಹೊಣೆಯೆಂದು ಕೇಳುವುದು ಯುಕ್ತ.