ನೀರಿನೊಳಗಣ ಬೆಳಕು

ಬಟ್ಟಲಿನ ತಳದಲ್ಲಿ ಒಂದು ನಾಣ್ಯವನ್ನಿರಿಸಿ, ಅದು ಅಂಚಿನ ಮರೆಗೆ ಸರಿಯುವವರೆಗೆ ಹಿಂದಕ್ಕೆ ಹೋಗಿ ನಿಂತು, ಮತ್ತೊಬ್ಬರಿಂದ ನೀರು ಹೊಯ್ಯಿಸಿದರೆ, ಮರೆಯಾಗಿದ್ದ ನಾಣ್ಯವು ಮೇಲೆದ್ದು ಬಂದಂತೆ ಕಾಣುವುದು. ಈ ವಿನೋದವು ಬಹು ಪ್ರಾಚೀನವಾದುದು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿದ್ದ ಟಾಲೆಮಿಯು ಇದನ್ನು ವರ್ಣಿಸಿರುವುದಲ್ಲದೆ, ಗಾಳಿಯಿಂದ ನೀರಿಗೆ ಹಾಯುವ ಕಿರಣವು ಎಷ್ಟು ಬಾಗುವುದೆಂಬುದನ್ನು ಒಂದು ಕೋಷ್ಟಕದಲ್ಲಿ ಬರೆದಿಟ್ಟನು: 10 ಅಂಶಗಳ ಓರೆಗೆ 8, 20ಕ್ಕೆ 15½, 30ಕ್ಕೆ 22½. ಇವುಗಳ ಅಂತರಗಳು ಕೊನೆಯವರೆಗೂ ಅರ್ಧರ್ಧ ಅಂಶದಂತೆ ಕ್ರಮವಾಗಿ ಕುಗ್ಗುವುವು. ಪ್ರಯೋಗದ ಅಂಕಿಗಳು ಇಷ್ಟು ವಿಧೇಯವಾಗಿರುವುದು ಅಪೂರ್ವ. ಟಾಲೆಮಿಯು ಅಳೆದುದನ್ನು ತುಸು ತಿದ್ದಿಯೂ ಇರಬೇಕು.

ಬಾಗುವಿಕೆಯ ನಿಜವಾದ ನಿಯಮವು ದೊರೆತುದು ಬಹಳ ತಡವಾಗಿ. ಸುಮಾರು 984ರಲ್ಲಿ ಬಾಗ್ದಾದಿನ ಇಬ್ನ್ ಸಹಲ್ ಅದನ್ನು ಕಂಡಿದ್ದನು. 1621ರಲ್ಲಿ ಹಾಲೆಂಡಿನ ಸ್ನೆಲ್ ಮತ್ತೆ ಕಂಡುಹಿಡಿದರೂ ಪ್ರಕಟಿಸಲಿಲ್ಲ. 1637ರಲ್ಲಿ ಫ್ರೆಂಚ್ ತತ್ತ್ವಜ್ಞನಾದ ಡೇಕಾರ್ಟನು ಅದನ್ನು ಅಚ್ಚಿಗೆ ತಂದನು. ವಿವಾದವು ಹುಟ್ಟಿದುದು ನಿಯಮದಿಂದಲ್ಲ, ಅದಕ್ಕೆ ಕೊಟ್ಟ ಕಾರಣದಿಂದ. ಗಾಳಿಗಿಂತ ನೀರಿನಲ್ಲಿಯೂ ಗಾಜಿನಲ್ಲಿಯೂ ಬೆಳಕು ಸುಲಭವಾಗಿ, ವೇಗವಾಗಿ ಹಾಯುವುದೆಂಬುದು ಡೇಕಾರ್ಟನ ವಾದದ ಆಧಾರ. ಬೆಳಕಿನ ಸಂಚಾರಕ್ಕೆ ಕಾಲವೇ ಬೇಡವೆಂದು ಹೇಳಿದವನೂ ಅವನೇ ಎಂಬುದು ಸೋಜಿಗ!

ತುಲೂಸ್ ನಗರದ ನ್ಯಾಯಸ್ಥಾನದಲ್ಲಿ ಅಧಿಕಾರಿಯಾಗಿದ್ದ ಗಣಿತಜ್ಞ ಫೆರ್ಮಾ ಇದನ್ನು ಒಪ್ಪಲಿಲ್ಲ. ನೀರು ಬೆಳಕನ್ನು ತಡೆಯುವುದೆಂದೂ, ಕಿರಣವು ಅತ್ಯಲ್ಪ ಕಾಲದ ದಾರಿಯನ್ನೇ ಹಿಡಿಯುವುದೆಂದೂ ಭಾವಿಸಿ, 1662ರಲ್ಲಿ ಅವನು ಲೆಕ್ಕಮಾಡಿದನು. ಬೇರೊಂದು ನಿಯಮವು ಬರಬಹುದೆಂದು ನಿರೀಕ್ಷಿಸಿದ್ದವನಿಗೆ ದೊರೆತುದು ಡೇಕಾರ್ಟನ ನಿಯಮವೇ! ಪ್ರಕೃತಿಗೆ ಇಂತಹ ಆಯ್ಕೆಯ ವಿವೇಕವೆಲ್ಲಿಯದೆಂದು ಡೇಕಾರ್ಟನ ಅನುಯಾಯಿಗಳು ಆಕ್ಷೇಪಿಸಿದರು. ಒಂದೇ ನಿಯಮವನ್ನು ವಿರುದ್ಧವಾದ ಎರಡು ಊಹೆಗಳು ಸಾಧಿಸಿದ ಮೇಲೆ, ಕೋನಗಳನ್ನು ಎಷ್ಟು ನಿಖರವಾಗಿ ಅಳೆದರೂ ತೀರ್ಪು ಸಿಕ್ಕುವಂತಿರಲಿಲ್ಲ.

ಮುಂದೆ ಹೈಗೆನ್ಸನು 1690ರಲ್ಲಿ ಬೆಳಕು ಅಲೆಯೆಂದೂ ನೀರಿನಲ್ಲಿ ಅದರ ವೇಗವು ಕಡಮೆಯೆಂದೂ ಬರೆದನು. ನ್ಯೂಟನನು 1704ರಲ್ಲಿ ಅದನ್ನು ಕಣಗಳ ಪ್ರವಾಹವೆಂಬಂತೆ ಬಗೆದು, ನೀರು ಆ ಕಣಗಳನ್ನು ಸೆಳೆಯುವುದರಿಂದ ವೇಗವು ಹೆಚ್ಚುವುದೆಂದು ಸಾಧಿಸಿದನು. ನ್ಯೂಟನನ ಹೆಸರಿನ ಭಾರಕ್ಕೆ ಒಂದು ಶತಮಾನವೇ ತಲೆಬಾಗಿತು.

ಉಳಿದ ಮಾರ್ಗವೊಂದೇ: ವೇಗಗಳನ್ನೇ ಹೋಲಿಸಿ ನೋಡುವುದು. 1838ರಲ್ಲಿ ಪ್ಯಾರಿಸಿನ ಅರಾಗೋ ಇದಕ್ಕೆ ಅತಿವೇಗವಾಗಿ ತಿರುಗುವ ಕನ್ನಡಿಯ ಉಪಾಯವನ್ನು ಸೂಚಿಸಿದನು. ಆದರೆ ಯಂತ್ರದ ತೊಡಕುಗಳಲ್ಲಿ ವರ್ಷಗಳು ಕಳೆದು, ಅವನ ದೃಷ್ಟಿಯೇ ಮಂದವಾಯಿತು. ಕೆಲಸವು ಕಿರಿಯರ ಪಾಲಿಗೆ ಬಂದಿತು. 1850ರ ವಸಂತದಲ್ಲಿ ಫೂಕೋ ಸಣ್ಣ ಉಗಿಚಕ್ರದಿಂದ ಕನ್ನಡಿಯನ್ನು ಸೆಕೆಂಡಿಗೆ ನೂರಾರು ಸುತ್ತು ತಿರುಗಿಸಿದನು. ಅದರಿಂದ ಪ್ರತಿಫಲಿಸಿದ ಬೆಳಕು ದೂರದ ಸ್ಥಿರ ಕನ್ನಡಿಗೆ ಹೋಗಿ ಹಿಂದಿರುಗುವಷ್ಟರಲ್ಲಿ ತಿರುಗುವ ಕನ್ನಡಿಯು ಕೂದಲೆಳೆಯಷ್ಟು ಹೊರಳಿರುವುದು. ಆದುದರಿಂದ ಬಿಂಬವು ಪಕ್ಕಕ್ಕೆ ಸರಿಯುವುದು. ತಡವಾದಷ್ಟೂ ಸರಿಯುವಿಕೆ ಹೆಚ್ಚು. ಒಂದು ದಾರಿಯಲ್ಲಿ ಬರಿಯ ಗಾಳಿ. ಇನ್ನೊಂದರಲ್ಲಿ ಮೂರು ಮೀಟರು ಉದ್ದದ ನೀರಿನ ಕೊಳವೆ. ನೀರಿನಲ್ಲಿ ಹಾದುಬಂದ ಹಸಿರುಛಾಯೆಯ ಬಿಂಬವೇ ಹೆಚ್ಚು ಸರಿದಿತ್ತು. ಬೆಳಕು ನೀರಿನಲ್ಲಿ ತಡೆದೇ ನಡೆಯುವುದೆಂದು ಸಿದ್ಧವಾಯಿತು.

ಇಂದಿನ ಅಳತೆಯಂತೆ ಶೂನ್ಯದಲ್ಲಿ ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರು ಸಾಗುವ ಬೆಳಕು ನೀರಿನಲ್ಲಿ ಸುಮಾರು 2,25,000, ಸಾಧಾರಣ ಗಾಜಿನಲ್ಲಿ 2,00,000, ವಜ್ರದಲ್ಲಿ 1,24,000 ಕಿಲೋಮೀಟರು ಸಾಗುವುದು. ಫೂಕೋವಿನ ಪ್ರತಿಸ್ಪರ್ಧಿಯಾದ ಫೀಜೋ ಕೆಲವೇ ವಾರಗಳ ತರುವಾಯ ಅದೇ ಫಲವನ್ನು ಪಡೆದನು. ಅರಾಗೋ 1853ರಲ್ಲಿ ತೀರಿಕೊಂಡನು.