ಗದಗ ಸೀಮೆಯ ಪುರಾತತ್ವ: ಅಧ್ಯಯನದ ಇತಿಹಾಸ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯ ಗತಕಾಲವನ್ನು ಶಾಸನ, ಗುಡಿ, ನಾಣ್ಯ, ಮಣ್ಣುಗಳಿಂದ ಅರಿಯುವ ಕೆಲಸಕ್ಕೆ ಸುಮಾರು ಇನ್ನೂರು ವರ್ಷದ ಚರಿತ್ರೆಯಿದೆ. ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂದು ಶಾಸನಗಳು ಹೆಸರಿಸುವ ನಾಡುಗಳು ಇಲ್ಲಿಯವು. ಬರೆದ ಕಲ್ಲುಗಳು ಇಷ್ಟು ದಟ್ಟವಾಗಿ ಸಿಗುವ ಪ್ರದೇಶ ಕರ್ನಾಟಕದಲ್ಲೂ ವಿರಳ. ಆ ಸಮೃದ್ಧಿಯೇ ಅಧ್ಯಯನದ ದಾರಿಯನ್ನೂ ನಿರ್ಧರಿಸಿತು. ಓದಲು ಕಲ್ಲುಗಳು ಸಾಲುಗಟ್ಟಿ ನಿಂತಿದ್ದಾಗ ನೆಲ ಅಗೆಯುವ ಗೋಜಿಗೆ ಯಾರೂ ಬೇಗ ಹೋಗಲಿಲ್ಲ.

ಮೊದಲ ದೊಡ್ಡ ಸಂಗ್ರಹ ವಾಲ್ಟರ್ ಎಲಿಯಟ್‌ ಅವರದು. 1820ರ ದಶಕದಲ್ಲಿ ಧಾರವಾಡದಲ್ಲಿ ಅಧಿಕಾರಿಯಾಗಿದ್ದ ಇವರು ಸ್ಥಳೀಯ ಪಂಡಿತರ ನೆರವಿನಿಂದ ಕನ್ನಡ ನಾಡಿನ 595 ಶಾಸನಗಳನ್ನು ನಕಲು ಮಾಡಿಸಿದರು. ಅವುಗಳ ಆಧಾರದ ಮೇಲೆ 1837ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಚಾಲುಕ್ಯರ ವಂಶಾವಳಿಗೆ ಒಂದು ರೂಪ ಸಿಕ್ಕಿತು. ಹಳಗನ್ನಡ ಲಿಪಿಯನ್ನು ಬಿಡಿಸಿ ಓದಿದ ಆ ಪಂಡಿತರಿಗೆ ಸಲ್ಲಬೇಕಾದ ಮನ್ನಣೆ ಇಂದಿಗೂ ಪೂರ್ತಿ ಸಂದಿಲ್ಲ. ಆದರೆ ಕೈಬರಹದ ನಕಲಿಗೆ ಒಂದು ಮಿತಿಯಿತ್ತು: ಓದಿದವನ ತಪ್ಪು ನಕಲಿನಲ್ಲೂ ಉಳಿಯುತ್ತಿತ್ತು. ಮುಂದೆ ಪಡಿಯಚ್ಚಿನ ವಿಧಾನ ಬಂದು ಈ ತೊಡಕು ಕಳೆಯಿತು. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಗಟ್ಟಿ ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿದರೆ ಕೆತ್ತಿದ ಅಕ್ಷರ ಬೆಳ್ಳಗೆ ಮೂಡುತ್ತದೆ. ಓದಿನಲ್ಲಿ ಅನುಮಾನ ಬಂದವರು ಯಾವ ಊರಿನಲ್ಲಿ ಕುಳಿತಾದರೂ ಪಡಿಯಚ್ಚನ್ನು ತೆರೆದು ಮತ್ತೆ ಪರೀಕ್ಷಿಸಬಹುದು.

ಈ ಪರೀಕ್ಷೆಯನ್ನು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಜೆ.ಎಫ್. ಫ್ಲೀಟ್ ಮುಖ್ಯರು. 1867ರಲ್ಲಿ ಮುಂಬಯಿ ಇಲಾಖೆಯ ಸೇವೆಗೆ ಸೇರಿದ ಅವರು 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಹೊರತಂದರು. ಲಕ್ಷ್ಮೇಶ್ವರದ ಒಂದು ಜೈನ ಶಾಸನವನ್ನು ಅವರು ವಿಚಾರಿಸಿದ ರೀತಿ ಈ ಶಾಸ್ತ್ರದ ಒಳ್ಳೆಯ ಪಾಠ. ಗಂಗರ ಮಾರಸಿಂಹನ ಕಾಲದ, 968ರ ದಾನದೊಂದಿಗೆ, ಅದಕ್ಕಿಂತ ಇನ್ನೂರಕ್ಕೂ ಹೆಚ್ಚು ವರ್ಷ ಹಿಂದಿನ ಬಾದಾಮಿ ಚಾಲುಕ್ಯ ಅರಸರ ದಾನಗಳೂ ಅದೇ ಕಲ್ಲಿನಲ್ಲಿವೆ. ಅಕ್ಷರಗಳ ರೂಪ ಮಾತ್ರ ಎಲ್ಲೆಡೆಯೂ ಹತ್ತನೆಯ ಶತಮಾನದ್ದು. ಅಂದರೆ ಹಳೆಯ ದಾನಗಳನ್ನು ಆಮೇಲೆ ಕೆತ್ತಿಸಲಾಗಿದೆ. ಇದನ್ನು ಕೂಟಶಾಸನ, ಅಂದರೆ ಸುಳ್ಳು ಶಾಸನ, ಎಂದು ತಳ್ಳಿಹಾಕಬಹುದು. ಸವೆದುಹೋಗುತ್ತಿದ್ದ ಹಳೆಯ ಪತ್ರಗಳನ್ನು ಉಳಿಸಿಕೊಳ್ಳಲು ಮಾಡಿದ ಪ್ರತಿ ಎಂದೂ ತಿಳಿಯಬಹುದು. ಎಂಟನೆಯ ಶತಮಾನದ ರಾಜಕೀಯಕ್ಕೆ ಈ ಕಲ್ಲು ನೇರ ಸಾಕ್ಷಿಯಲ್ಲ. ಆದರೆ ಹತ್ತನೆಯ ಶತಮಾನದ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಜೈನರು ತಮ್ಮ ಹಕ್ಕಿಗೆ ಎಷ್ಟು ಹಿಂದಿನ ಬೇರು ತೋರಿಸಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಬೇಕಿಲ್ಲ.

ಇದೇ ಊರಿನ ಇನ್ನೊಂದು ಶಾಸನ ಸುಮಾರು 725ರದು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ (ಪುಲಿಗೆರೆಯ) ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ (ಜನವರ್ಗಗಳಿಗೂ) ಹಾಕಿಕೊಟ್ಟ ಕಟ್ಟಳೆ ಅದು. ಅರಸನ ಅಧಿಕಾರಿಗಳು ಏನು ಮಾಡಬೇಕು, ಮನೆತನಗಳ ದರ್ಜೆಗೆ ತಕ್ಕಂತೆ ತೆರಿಗೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಎಲ್.ಡಿ. ಬಾರ್ನೆಟ್ ಇದನ್ನು ಪ್ರಕಟಿಸಿದ ಮೇಲೆ, ಯುದ್ಧ ಮತ್ತು ವಂಶಾವಳಿಯನ್ನೇ ಹುಡುಕುತ್ತಿದ್ದ ಇತಿಹಾಸಕಾರರಿಗೆ ಒಂದು ಪೇಟೆಯೂರಿನ ಆಡಳಿತವೇ ಓದಲು ಸಿಕ್ಕಿತು.

ಗದಗಿನ ತ್ರಿಕೂಟೇಶ್ವರ ಗುಡಿಯ ಎರಡು ಶಾಸನಗಳನ್ನು ಒಟ್ಟಿಗೆ ಓದದಿದ್ದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. 1191ರಲ್ಲಿ ಸೇವುಣರ ಭಿಲ್ಲಮನು ಈ ದೇವರಿಗೆ ಹಿರಿಯ ಹಂದಿಗೋಳವನ್ನು ಬಿಟ್ಟುಕೊಡುತ್ತಾನೆ. 1192ರಲ್ಲಿ ಹೊಯ್ಸಳ ವೀರಬಲ್ಲಾಳನು ಅದೇ ದೇವರಿಗೆ ಹೊಂಬಾಳಲು ಗ್ರಾಮವನ್ನು ಕೊಡುತ್ತಾನೆ. ಆಗ ಅವನ ಬೀಡು ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ. ಎರಡೂ ದಾನಗಳನ್ನು ಸ್ವೀಕರಿಸುವ ಆಚಾರ್ಯರು ಒಬ್ಬರೇ, ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ನಡುವಿನ ಅವಧಿಯಲ್ಲಿ ನಾಡು ಕೈಬದಲಾಯಿತು, ಮಠ ಕದಲಲಿಲ್ಲ. ಎರಡೂ ಊರುಗಳು ಇಂದಿಗೂ ಗದಗಿನ ಸುತ್ತ ಹಿರೇಹಂದಿಗೋಳ, ಹೊಂಬಳ ಎಂಬ ಹೆಸರಿನಲ್ಲಿ ಇವೆ. ಕೀಲ್‌ಹಾರ್ನ್ ಮತ್ತು ಲ್ಯೂಡರ್ಸ್ ಬೇರೆ ಬೇರೆಯಾಗಿ ಸಂಪಾದಿಸಿದ ಈ ಪಾಠಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಮಾತ್ರ ಈ ಸಂಗತಿ ಎದ್ದು ಕಾಣುತ್ತದೆ.

ಮುಂಡರಗಿ ತಾಲ್ಲೂಕಿನ ಡಂಬಳ ಇನ್ನೊಂದು ಎಚ್ಚರಿಕೆ ಕೊಡುತ್ತದೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ, 1095ರ ಆಸುಪಾಸಿನ ಶಾಸನವು ಧರ್ಮವೊಳಲಿನಲ್ಲಿ, ಅಂದರೆ ಅಂದಿನ ಡಂಬಳದಲ್ಲಿ, ಹದಿನಾರು ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದನ್ನೂ ತಾರಾದೇವಿಗೆ ದತ್ತಿ ಬಿಟ್ಟದ್ದನ್ನೂ ಹೇಳುತ್ತದೆ. ಇಂದು ಡಂಬಳಕ್ಕೆ ಹೋದವರ ಕಣ್ಣು ತುಂಬುವುದು ನಕ್ಷತ್ರಾಕಾರದ ತಳವಿನ್ಯಾಸದ ದೊಡ್ಡಬಸಪ್ಪ ಗುಡಿ. ಶಾಸನ ಇಲ್ಲದಿದ್ದರೆ, ಬೌದ್ಧಧರ್ಮ ಇಲ್ಲಿ ಅಷ್ಟು ತಡವಾಗಿ, ಅದೂ ವ್ಯಾಪಾರಿಗಳ ಆಸರೆಯಲ್ಲಿ ಬದುಕಿತ್ತೆಂದು ಯಾವ ಕಟ್ಟಡವೂ ಹೇಳುತ್ತಿರಲಿಲ್ಲ.

ಕಟ್ಟಡಗಳ ಅಧ್ಯಯನ ಕ್ಯಾಮೆರಾದ ಜೊತೆ ಬೆಳೆಯಿತು. ಪಿಗೌ, ನೀಲ್, ಬಿಗ್ಸ್ ತೆಗೆದ ಛಾಯಾಚಿತ್ರಗಳು 1866ರಲ್ಲಿ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ಅವರ ಟಿಪ್ಪಣಿಗಳೊಂದಿಗೆ ಪ್ರಕಟವಾದವು. 1926ರಲ್ಲಿ ಹೆನ್ರಿ ಕಸಿನ್ಸ್ ಲಕ್ಕುಂಡಿ, ಗದಗ, ಡಂಬಳ, ಲಕ್ಷ್ಮೇಶ್ವರದ ಗುಡಿಗಳನ್ನು ಅಳೆದು ನಕ್ಷೆ ಸಹಿತ ಪ್ರಕಟಿಸಿದರು. ಜೈನ ದಾನಿ ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಕಟ್ಟಿಸಿದ ಬಸದಿಗೆ ಇಲ್ಲಿ ವಿಶೇಷ ಸ್ಥಾನ. ಅದಕ್ಕೆ ಸಂಬಂಧಿಸಿದ ಶಾಸನಕ್ಕೆ 1007ರ ತೇದಿ ಇರುವುದರಿಂದ, ತೇದಿಯಿಲ್ಲದ ನೆರೆಯ ಗುಡಿಗಳ ಕಂಬ, ಶಿಖರ, ಕೆತ್ತನೆಯನ್ನು ಅದಕ್ಕೆ ಹೋಲಿಸಿ ಹಿಂದುಮುಂದು ನಿಶ್ಚಯಿಸಲು ಬರುತ್ತದೆ. ಒರಟು ಮರಳುಗಲ್ಲು ಬಿಟ್ಟು ನುಣುಪಾದ ಬಳಪದ ಕಲ್ಲಿಗೆ ಶಿಲ್ಪಿಗಳು ಬಂದ ಬಗೆಯೂ ಈ ಹೋಲಿಕೆಯಿಂದ ತಿಳಿದದ್ದು. 1995ರಲ್ಲಿ ಆಡಮ್ ಹಾರ್ಡಿ ಈ ಗುಡಿಗಳನ್ನು ಕರ್ಣಾಟ-ದ್ರಾವಿಡ ಪರಂಪರೆಯೊಳಗೆ ಇಟ್ಟು, ಪ್ರತಿ ಗೋಡೆಯೂ ಚಿಕ್ಕ ಚಿಕ್ಕ ಗುಡಿಗಳ ರೂಪಗಳಿಂದ ಹೆಣೆದದ್ದೆಂದು ತೋರಿಸಿಕೊಟ್ಟರು.

ಇದೇ ಸೀಮೆಯ ಕಪ್ಪತಗುಡ್ಡದ ಮಾತು ಬೇರೆ. ಭಾರತದ ಪ್ರಾಗಿತಿಹಾಸಕ್ಕೆ ಬುನಾದಿ ಹಾಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಗುಡ್ಡಗಳ, ಅಂದರೆ ಈ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದರು. ಹಳ್ಳದ ಮರಳು ತೊಳೆದು ಚಿನ್ನದ ಕಣ ತೆಗೆಯುವ ಜಾಲಗಾರರು ಆಗ ಇಲ್ಲಿ ಇದ್ದರು. ಶಾಸನಗಳು ಹೇಳುವ ಲೊಕ್ಕಿ ಗದ್ಯಾಣ, ಲಕ್ಕುಂಡಿಯ ಟಂಕಸಾಲೆ, ಈ ಗುಡ್ಡದ ಚಿನ್ನ, ಈ ಮೂರರ ಸಂಬಂಧವನ್ನು ಲೋಹ ಪರೀಕ್ಷೆಯ ಮೂಲಕ ತಿಳಿಯುವುದು ಈ ಸೀಮೆಯಲ್ಲಿ ಮಾಡಲೇಬೇಕಾದ ಕೆಲಸಗಳಲ್ಲೊಂದು.

ಸ್ವಾತಂತ್ರ್ಯಕ್ಕೆ ಮುಂಚೆ ಗದಗ ಮುಂಬಯಿ ಇಲಾಖೆಗೆ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ನೆರೆಹೊರೆಯ ಊರುಗಳ ಕಲ್ಲುಗಳು ಬೇರೆ ಬೇರೆ ಆಡಳಿತದಲ್ಲಿದ್ದವು. 1939ರಲ್ಲಿ ಧಾರವಾಡದಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆ, ಆರ್.ಎಸ್. ಪಂಚಮುಖಿ, ಪಿ.ಬಿ. ದೇಸಾಯಿ, ಎಂ.ಎಂ. ಕಲಬುರ್ಗಿಯಂಥವರ ಶ್ರಮದಿಂದ ಈ ಅಧ್ಯಯನ ಕನ್ನಡಿಗರ ಕೈಗೂ ಕನ್ನಡ ಭಾಷೆಗೂ ಬಂತು.

ಕಲ್ಲು ಬರೆಸಿದವರು ಅರಸರು, ಸೆಟ್ಟಿಗಳು, ಮಠಗಳು. ಉಂಡ ಕಾಳು, ಒಡೆದ ಗಡಿಗೆ, ಒಲೆಯ ಬೂದಿಯ ಲೆಕ್ಕ ಮಣ್ಣಿನ ಪದರಗಳಲ್ಲೇ ಸಿಗಬೇಕು. ತುಂಗಭದ್ರೆಯ ಮೇಲ್ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜ ರಾವ್ ಹೀಗೆ ಪದರ ಪದರವಾಗಿ ಅಗೆದು, ನವಶಿಲಾಯುಗದವರ ನೆಲೆಯ ಮೇಲೆ ಕಬ್ಬಿಣ ಬಳಸಿದವರ ಕಾಲ ಬಂದುದನ್ನು ತೋರಿಸಿದ್ದರು. ಅದೇ ಹೊಳೆ ಮುಂದೆ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಅಂಚಿನಲ್ಲಿ ಹರಿಯುತ್ತದೆ. ಲಕ್ಕುಂಡಿಯಲ್ಲಿ 2024ರಲ್ಲಿ ಊರೊಳಗೆ ಬಿದ್ದಿದ್ದ ಪ್ರಾಚ್ಯಾವಶೇಷಗಳನ್ನು ಹುಡುಕಿ ಒಟ್ಟುಗೂಡಿಸುವ ಕೆಲಸ ನಡೆಯಿತು. 2025ರಲ್ಲಿ ಕೋಟೆ ವೀರಭದ್ರೇಶ್ವರ ಗುಡಿಯ ಬಳಿ ಉತ್ಖನನಕ್ಕೆ ರಾಜ್ಯ ಸರ್ಕಾರ ಚಾಲನೆ ಕೊಟ್ಟಿತು.

ಲಕ್ಕುಂಡಿಯಲ್ಲಿ ಹಳೆಯ ಪಟ್ಟಣದ ಮೇಲೆಯೇ ಇಂದಿನ ಊರು ಕುಳಿತಿದೆ. ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಗುಡಿಗಳ ಮಗ್ಗುಲಲ್ಲೇ ಮನೆಗಳಿರುವ ಊರಿಗೆ ಇದು ದಿನನಿತ್ಯದ ಪ್ರಶ್ನೆ. ಅಡಿಪಾಯ ತೋಡುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ನಿಯಮ ಮೂಲತಃ 1878ರ ಕಾಯ್ದೆಯದು. ಎಷ್ಟು ಆಳದಲ್ಲಿ, ಯಾವ ಮಣ್ಣಿನಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂದು ಬರೆದಿಡುವ ಹೊಣೆಯನ್ನು ಆ ಕಾಯ್ದೆ ಯಾರಿಗೂ ವಹಿಸಿರಲಿಲ್ಲ. ಉತ್ಖನನಕಾರರಿಗೆ ಈಗ ಬೇಕಾಗಿರುವುದು ಆ ದಾಖಲೆಯೇ.